ಲೆಸ್ಸರ್ ಮತ್ತು ಗ್ರೇಟರ್ ಸ್ಯಾಂಡ್ ಪ್ಲವರ್‌ಗಳನ್ನು ಗಾತ್ರದಿಂದ ಗುರುತಿಸಬಹುದೇ?

ಕುಂದಾಪುರದ ಕೋಡಿಯ ಮರಳಿನಲ್ಲಿ ಒಂಟಿಯಾಗಿ ಓಡಾಡುವ ಪ್ಲವರ್ (ದಡದಲ್ಲಿ ಮೇಯುವ ಚಿಕ್ಕ ಹಕ್ಕಿ) ಲೆಸ್ಸರೋ ಗ್ರೇಟರೋ ಎಂದು ಗಾತ್ರ ನೋಡಿ ಹೇಳುವುದು ಹೇಗೆ, ಅದಕ್ಕೆ ದೊಡ್ಡ ಲೆನ್ಸ್ ಬೇಕೇ ಎಂದು ಕೇಳಿದ್ದೀರಿ. ಗಾತ್ರವನ್ನು ನಂಬಿ ನಾನು ಒಂದು ಇಡೀ ಚಳಿಗಾಲದ ಹಕ್ಕಿ ದಾಖಲೆಗಳನ್ನು ಕಳೆದುಕೊಂಡಿದ್ದೇನೆ.

ಆಗ ಇಳಿತದ ಹೊತ್ತಿಗೇ ಅಳಿವೆಗೆ ಹೋಗುತ್ತಿದ್ದೆ. ಕೆಸರು ತೆರೆದುಕೊಂಡಾಗ ಹಕ್ಕಿಗಳು ಚದುರಿ ಮೇಯುವುದರಿಂದ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಇರುತ್ತಿರಲಿಲ್ಲ. ಲೆಸ್ಸರ್ ಸುಮಾರು 19–21 ಸೆಂ.ಮೀ., ಗ್ರೇಟರ್ 22–25 ಸೆಂ.ಮೀ. ಎಂಬುದು ನನಗೆ ಬಾಯಿಪಾಠವಾಗಿತ್ತು. ಆದರೆ ಬಿಸಿಲಿಗೆ ಗರಿಗಳನ್ನು ಮೈಗೆ ಒತ್ತಿಕೊಂಡು ಕತ್ತು ಚಾಚಿ ನಿಂತ ಲೆಸ್ಸರ್ ಉದ್ದಗಾಲಿನ ದೊಡ್ಡ ಹಕ್ಕಿಯಾಗಿಯೂ, ಬೆಳಗಿನ ಗಾಳಿಗೆ ಮೈ ಉಬ್ಬಿಸಿ ಕುಳಿತ ಗ್ರೇಟರ್ ಗಿಡ್ಡ ಹಕ್ಕಿಯಾಗಿಯೂ ಕಾಣುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಅಷ್ಟಾದರೂ ಅದು ಚಿಕ್ಕ ತಪ್ಪೇ. ನಿಜವಾಗಿ ಹೊಡೆತ ಕೊಟ್ಟದ್ದು ಟಿಪ್ಪಣಿ ಪುಸ್ತಕದಲ್ಲಿ ‘ಗ್ರೇಟರ್’ ಎಂಬ ಹೆಸರನ್ನಷ್ಟೇ ಬರೆದು, ಕೊಕ್ಕು ಹೇಗಿತ್ತು, ಕಾಲು ಹೇಗಿತ್ತು ಎಂಬ ಒಂದು ಸಾಲನ್ನೂ ಬರೆಯದಿದ್ದದ್ದು. ದಾಖಲೆ ಪರಿಶೀಲಿಸುವವರು ವಿವರ ಕೇಳಿದಾಗ ನನ್ನ ಬಳಿ ಇದ್ದದ್ದು ತೀರ್ಮಾನ ಮಾತ್ರ. ಲಕ್ಷಣಗಳನ್ನು ಬರೆದಿಟ್ಟಿದ್ದರೆ ತಪ್ಪು ಹೆಸರನ್ನು ಆಮೇಲೂ ತಿದ್ದಬಹುದಿತ್ತು. ಬರೀ ಹೆಸರಿದ್ದಲ್ಲಿ ತಿದ್ದುವುದಕ್ಕೇನೂ ಉಳಿಯುವುದಿಲ್ಲ. ಅವುಗಳಲ್ಲಿ ಸರಿಯಾದವೂ ಇದ್ದಿರಬೇಕು, ಆದರೆ ಯಾವುವೆಂದು ತಿಳಿಯುವ ದಾರಿಯಿರಲಿಲ್ಲವಾದ್ದರಿಂದ ಎಲ್ಲವನ್ನೂ ಹಿಂದಕ್ಕೆ ಪಡೆದೆ.

ಆದ್ದರಿಂದ ಗಾತ್ರದ ಪ್ರಶ್ನೆಯನ್ನೇ ಬಿಡಿ, ಕೊಕ್ಕು ನೋಡಿ. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾದು, ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯ ಅಂಚಿನವರೆಗಿನ ದೂರವನ್ನು ಮನಸ್ಸಿನಲ್ಲೇ ಅಳೆದು ಕೊಕ್ಕಿನ ಮೇಲಿಡಿ. ಕೊಕ್ಕು ಅದನ್ನು ಸ್ಪಷ್ಟವಾಗಿ ಮೀರಿ, ತುದಿ ಚೂಪಾಗಿದ್ದರೆ ಗ್ರೇಟರ್. ಅಷ್ಟೇ ಉದ್ದವಾಗಿಯೋ ಇನ್ನೂ ಗಿಡ್ಡವಾಗಿಯೋ ಇದ್ದು ತುದಿ ಮೊಂಡಾಗಿದ್ದರೆ ಲೆಸ್ಸರ್. ಹಾರುವಾಗ ಗ್ರೇಟರಿನ ಬೆರಳುಗಳು ಬಾಲದಾಚೆಗೆ ಚಾಚಿರುತ್ತವೆ. ಕಾಲಿನ ಬಣ್ಣ, ಅಂದರೆ ಗ್ರೇಟರಿಗೆ ಹಸಿರು ಬೆರೆತ ಬೂದು, ಲೆಸ್ಸರಿಗೆ ಕಡುಬೂದು, ಕೆಸರು ಮೆತ್ತಿದ ಮೇಲೆ ಯಾವ ಕೆಲಸಕ್ಕೂ ಬಾರದು. ಕತ್ತಿನ ಹಿಂದೆ ಬಿಳಿ ಪಟ್ಟಿಯಿದ್ದರೆ ಎರಡೂ ಅಲ್ಲ, ಬಹುಶಃ ಕೆಂಟಿಶ್ ಪ್ಲವರ್. (2023ರಲ್ಲಿ ಹಕ್ಕಿ ಜಾತಿಗಳ ಪ್ರಮುಖ ಪಟ್ಟಿಗಳು ಲೆಸ್ಸರನ್ನು ಟಿಬೆಟನ್, ಸೈಬೀರಿಯನ್ ಎಂದು ಎರಡಾಗಿ ಒಡೆದಿವೆ, ನಮ್ಮ ಕರಾವಳಿಗೆ ಮುಖ್ಯವಾಗಿ ಬರುವುದು ಟಿಬೆಟನ್. ನಿಮ್ಮ ಹಕ್ಕಿ ಗುರುತಿಸುವ ಆ್ಯಪಿನಲ್ಲಿ ಲೆಸ್ಸರ್ ಎಂಬ ಹೆಸರು ಕಾಣದಿದ್ದರೆ ಗಾಬರಿಯಾಗಬೇಡಿ.)

ಇನ್ನು ಲೆನ್ಸ್ ವಿಚಾರ. ಈಗಲೇ ಕೊಳ್ಳಬೇಡಿ. ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡು ಉಬ್ಬರ ಏರುತ್ತಿರುವಾಗ ಹೋಗಿ, ದೂರದಲ್ಲೇ ಕುಳಿತುಬಿಡಿ. ಮೇವಿನ ಜಾಗ ಮುಳುಗಿದಾಗ ಈ ಹಕ್ಕಿಗಳು ಒಣಮರಳಿನ ಮೇಲೆ ಗುಂಪುಗೂಡಿ ನಿಲ್ಲುತ್ತವೆ. ಎರಡೂ ಜಾತಿಗಳು ಬೆರೆತಿದ್ದರೆ ಆಗ ಮಾತ್ರ ಗಾತ್ರವನ್ನೂ ಹೋಲಿಸಿ ನೋಡಬಹುದು. ಆಗಲೂ ಕೊಕ್ಕು ಸರಿಯಾಗಿ ಕಾಣದಿದ್ದರೆ ‘ಸ್ಯಾಂಡ್ ಪ್ಲವರ್, ಜಾತಿ ಖಚಿತವಿಲ್ಲ’ ಎಂದೇ ಬರೆಯಿರಿ.