ಕಣ್ಣು ಕಳೆದುಕೊಂಡ ಯುವ ಗಾಯಕರು ಅದರಲ್ಲಿ ಒಳಿತನ್ನು ಕಾಣುವುದು ಹೇಗೆ?

ನಿಮ್ಮ ಪತ್ರ ಓದಿದೆ. ನಿಮಗೆ 19 ವರ್ಷ, ದೃಷ್ಟಿ ಪೂರ್ತಿ ಹೋಗಿ ಎರಡು ವರ್ಷ, ಹಿಂದೂಸ್ತಾನಿ ಸಂಗೀತದ ಖಯಾಲ್ ಕಲಿಯುತ್ತಿದ್ದೀರಿ. ಕುರುಡುತನದಲ್ಲೂ ಒಳ್ಳೆಯದನ್ನು ಹುಡುಕಿಕೋ ಎಂದು ಸುತ್ತಲಿನವರು ಹೇಳುತ್ತಿದ್ದಾರೆ. ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದೆ, ಕಿವಿ ಚುರುಕಾಗಿದೆ, ಹಾಗಿರುವಾಗ ಬ್ರೈಲ್ ಕಲಿಯುವ ತಾಪತ್ರಯ ಯಾಕೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆ ಕೊನೆಯ ಸಾಲಿನ ಮೇಲೆ ಮೂರು ಸಲ ಬೆರಳಾಡಿಸಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಮಾತನ್ನು ನಾನು ಆಡಿದ್ದೆ. ಮೊಬೈಲಿನ ಜಾಗದಲ್ಲಿ ಕ್ಯಾಸೆಟ್ ಇತ್ತು, ಅಷ್ಟೇ ವ್ಯತ್ಯಾಸ.

ನನ್ನದು ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಕಣ್ಣಿನ ಕಾಯಿಲೆ. ಮೊದಲು ಇರುಳುಗಣ್ಣು, ಆಮೇಲೆ ಅಂಚಿನಿಂದ ಒಳಕ್ಕೆ ದೃಷ್ಟಿ ಕಿರಿದಾಗುತ್ತಾ ಬಂದು ಕೊಳವೆಯಲ್ಲಿ ಇಣುಕಿದಂತೆ. 16ನೆಯ ವಯಸ್ಸಿಗೆ ಅಕ್ಷರ ಕಾಣದಾಯಿತು. ಅದೇ ವರ್ಷ ಮನೆಗೆ ಬಂದವರೆಲ್ಲ ಎರಡು ಮಾತು ತಪ್ಪದೇ ಹೇಳುತ್ತಿದ್ದರು. ಕಣ್ಣು ಕಿತ್ತುಕೊಂಡ ದೇವರು ಕಿವಿ ಕೊಟ್ಟಿದ್ದಾನೆ ಎನ್ನುವುದು ಒಂದು. ಪುಟ್ಟರಾಜ ಗವಾಯಿಗಳನ್ನು ನೋಡು ಎನ್ನುವುದು ಇನ್ನೊಂದು. ನಿಮಗೂ ಇವೆರಡನ್ನೂ ಹೇಳಿರುತ್ತಾರೆ.

ನಾನು ಮೊದಲನೆಯದನ್ನು ನಂಬಿಬಿಟ್ಟೆ. ನನ್ನ ಎಂಟು ವರ್ಷ ಹೋದದ್ದು ಆ ನಂಬಿಕೆಯಿಂದ.

ಕಣ್ಣು ಹೋದ ಕೆಲವೇ ತಿಂಗಳಲ್ಲಿ ಒಬ್ಬ ಮೇಷ್ಟ್ರು ನನಗೆ ಚುಕ್ಕಿ ಚುಚ್ಚಿ ಬರೆಯುವ ಬ್ರೈಲ್ ಸ್ಲೇಟ್ ಮತ್ತು ಸ್ಟೈಲಸ್ ತಂದುಕೊಟ್ಟರು. ಅದನ್ನು ಕಪಾಟಿನಲ್ಲಿಟ್ಟೆ. ಯಾಕೆ ಎಂದು ಯಾರಾದರೂ ಕೇಳಿದರೆ ಕಿವಿ ಇದೆಯಲ್ಲ ಎನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಕೋಲನ್ನು ಮಡಚಿ ಚೀಲದೊಳಗೆ ಇಡಬಹುದು, ಕಪ್ಪು ಕನ್ನಡಕ ಹಾಕದೇ ಇರಬಹುದು, ಮಾತನಾಡುವವರ ದನಿ ಬಂದ ಕಡೆಗೆ ಮುಖ ತಿರುಗಿಸಿ ಕಂಡವನಂತೆ ಇರಬಹುದು. ಆದರೆ ಹಾಳೆಯ ಮೇಲೆ ಬೆರಳಿಟ್ಟು ಓದಿದರೆ ಎಲ್ಲರಿಗೂ ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತದೆ. ಹದಿನಾರರ ಹುಡುಗನಿಗೆ ಅದನ್ನು ಒಪ್ಪಿಕೊಳ್ಳುವುದಕ್ಕಿಂತ ದೇವರು ಕೊಟ್ಟ ಕಿವಿಯನ್ನು ನಂಬುವುದು ಸುಲಭವಾಗಿತ್ತು.

ಮೂರು ವರ್ಷದ ಮೇಲೆ ಗುರುಗಳೇ ಬಂದಿಶ್‌ಗಳ, ಅಂದರೆ ರಾಗ ತಾಳಕ್ಕೆ ಕಟ್ಟಿದ ಹಾಡುಗಳ, ಮಾತೆತ್ತಿ ಹೇಳಿದರು: "ನನ್ನ ಪುಸ್ತಕದಲ್ಲಿರುವ ಬಂದಿಶ್‌ಗಳನ್ನು ಯಾರಾದರೂ ಓದುತ್ತಾರೆ, ನೀನು ನಿನ್ನ ಲಿಪಿಯಲ್ಲಿ ಬರೆದುಕೋ." ನಾನು "ಬೇಡ ಗುರುಗಳೇ, ನೀವು ಒಮ್ಮೆ ಹಾಡಿದರೆ ಸಾಕು" ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಆ ಉತ್ತರದಲ್ಲಿ ಭಕ್ತಿಯಿದೆ ಎಂದು ಸಹಪಾಠಿಗಳು ಮೆಚ್ಚಿದರು. ನಾನೂ ಮೆಚ್ಚಿಕೊಂಡೆ. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು, ನೀವು "ಕಿವಿ ಚುರುಕಾಗಿದೆ" ಎಂದು ಬರೆದ ಸಾಲಿನಲ್ಲಿ ಆ ಮೆಚ್ಚುಗೆಯ ದನಿ ನನಗೆ ಕೇಳಿಸಿತು ಎಂಬ ಕಾರಣಕ್ಕೆ.

ಕಿವಿಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಎರಡು ನಾದಗಳನ್ನು ಕೇಳಿಸಿ, ಸ್ವರ ಏರಿತೋ ಇಳಿಯಿತೋ ಎಂದು ಕೇಳಿದ್ದರು. ತೀರಾ ಎಳವೆಯಲ್ಲಿ ಕಣ್ಣು ಕಳೆದುಕೊಂಡವರು ಕಣ್ಣಿದ್ದವರಿಗಿಂತ ಚೆನ್ನಾಗಿ ಗುರುತಿಸಿದರು. ತಡವಾಗಿ ಕಳೆದುಕೊಂಡವರಿಗೆ ಆ ಮೇಲುಗೈ ಇರಲಿಲ್ಲ. ನೀವು 17ಕ್ಕೆ ಕಳೆದುಕೊಂಡವರು, ನಾನು 16ಕ್ಕೆ. ನಮ್ಮ ಕಿವಿ ಚುರುಕಾಗಿದ್ದರೆ ಅದು ತಂಬೂರಿಯ ಮುಂದೆ ಕುಳಿತು ಕಳೆದ ಬೆಳಗುಗಳ ಫಲ. ಅದನ್ನು ಕುರುಡುತನದ ಖಾತೆಗೆ ಬರೆಯಬೇಡಿ.

ನನಗೆ 24 ಆಗಿದ್ದಾಗ ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆಗೆ ಆಯ್ಕೆ ನಡೆಯಿತು. ನನ್ನ ಪ್ರಸ್ತುತಿ ಚೆನ್ನಾಗಿಯೇ ಆಯಿತು. ಆಮೇಲೆ ಎರಡನೆಯ ಭಾಗ: ಕೇಳಿಲ್ಲದ ಒಂದು ಮಧ್ಯಲಯದ ಬಂದಿಶ್‌ನ ಸ್ವರಲಿಪಿ ಕೊಡುತ್ತಾರೆ, ಹತ್ತು ನಿಮಿಷ ನೋಡಿಕೊಂಡು ಹಾಡಬೇಕು. ತೀನ್‌ತಾಲ, 16 ಮಾತ್ರೆ. ರಾಗದ ಹೆಸರನ್ನು ಬೇಕೆಂದೇ ಕೊಟ್ಟಿರಲಿಲ್ಲ. ಸಮಿತಿಯ ಒಬ್ಬರು ನನ್ನ ಕೈಗೆ ದಪ್ಪ ಹಾಳೆಯೊಂದನ್ನು ಇಟ್ಟು, "ನಿಮಗಾಗಿ ಬ್ರೈಲಿನಲ್ಲೇ ಸಿದ್ಧ ಮಾಡಿಸಿದ್ದೇವೆ" ಎಂದರು. ಅವರ ದನಿಯಲ್ಲಿದ್ದ ಸಂತೋಷ ಇವತ್ತಿಗೂ ನೆನಪಿದೆ.

ಹಾಳೆಯ ಮೇಲೆ ಬೆರಳಾಡಿಸಿದೆ. ಸಾಸಿವೆ ಚೆಲ್ಲಿ ಅಂಟಿಸಿದಂತಿತ್ತು. ಎರಡು ಮೂರು ನಿಮಿಷ ಓದುತ್ತಿರುವವನಂತೆ ಕೈ ಆಡಿಸಿದೆ. ಕೊನೆಗೆ, ಯಾರಾದರೂ ಅಚ್ಚಿನ ಪ್ರತಿಯನ್ನು ಓದಿ ಹೇಳಬಹುದೇ ಎಂದು ಕೇಳಿದೆ. ಕಚೇರಿಯ ಸಿಬ್ಬಂದಿಯೊಬ್ಬರು ಬಂದು ಓದಿದರು. ಅವರಿಗೆ ಸಂಗೀತ ಗೊತ್ತಿಲ್ಲ. ಹಿಂದೂಸ್ತಾನಿ ಸ್ವರಗಳನ್ನು ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಕೋಮಲ, ಅಂದರೆ ತುಸು ತಗ್ಗಿಸಿದ ಸ್ವರವೆಂದರೆ ಅಕ್ಷರದ ಕೆಳಗೆ ಒಂದು ಗೆರೆ, ಅಷ್ಟೆ. ಗೆರೆಯನ್ನು ಅವರು ಯಾಕೆ ಓದುತ್ತಾರೆ? ನಿ ಸ ಗ ಮ ಪ ನಿ ಸ ಎಂದು ಓದಿದರು.

ಏರುವಾಗ ರಿಷಭ (ರಿ) ಇಲ್ಲ, ಧೈವತ (ಧ) ಇಲ್ಲ. ಇಳಿಯುವಾಗ ಏಳೂ ಇವೆ. ಬಿಹಾಗ್ ರಾಗ ಎಂದು ನಿರ್ಧರಿಸಿದೆ. ಬಂದಿಶ್‌ನ ಮೊದಲ ಭಾಗವಾದ ಸ್ಥಾಯಿಯಲ್ಲಿ (ಎರಡನೆಯದು ಅಂತರಾ) ರಿಷಭ ಅಷ್ಟು ಎದ್ದು ಬಂದಾಗಲೇ ಅನುಮಾನ ಹುಟ್ಟಬೇಕಿತ್ತು, ಬಿಹಾಗದಲ್ಲಿ ಅದು ಹಾಗೆ ನಿಲ್ಲುವುದಿಲ್ಲ. ಆದರೆ ಕಿವಿಯ ಮೇಲೆ ಅಷ್ಟು ಭರವಸೆ ಇದ್ದವನಿಗೆ ಅನುಮಾನ ಎಲ್ಲಿಂದ ಬರಬೇಕು? ಶುದ್ಧ ಗಂಧಾರ (ಗ), ಶುದ್ಧ ನಿಷಾದ (ನಿ) ಹಚ್ಚಿ, ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿ ಬಂದು ಹಾಡಿ ಮುಗಿಸಿದೆ. ಯಾರೂ ಏನೂ ಹೇಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ.

ನನ್ನ ನಂತರ ಹೋದದ್ದು ಹುಟ್ಟಿನಿಂದಲೇ ಕಣ್ಣಿಲ್ಲದ ಹುಡುಗಿ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹಾಳೆಯ ಮೇಲೆ ಬೆರಳು ಸರಿಯುವ ಸದ್ದು, ಒಣ ಎಲೆಯ ಮೇಲೆ ಇರುವೆ ಸಾಲು ಹೋದಷ್ಟು ಮೆಲ್ಲಗೆ, ನನಗೆ ಕೇಳಿಸಿತು. ಆಮೇಲೆ ಆಕೆ ಹಾಡಲು ಶುರು ಮಾಡಿದಳು. ಅದೇ ಸಾಲು, ಅದೇ ತಾಳ. ಗಂಧಾರ ಬಂತು. ಕೋಮಲ ಗಂಧಾರ.

ಅದು ಭೀಮಪಲಾಸಿ. ಮಧ್ಯಾಹ್ನದ ರಾಗವನ್ನು ನಾನು ರಾತ್ರಿಯ ರಾಗ ಮಾಡಿ ಹಾಡಿ ಬಂದಿದ್ದೆ.

ಹೊರಗೆ ಬಂದವಳು ನನ್ನ ಪಕ್ಕದಲ್ಲೇ ಕುಳಿತು ಬಹಳ ಸಹಜವಾಗಿ ಕೇಳಿದಳು: "ಅಣ್ಣಾ, ಅಂತರಾದ ಎರಡನೆಯ ಸಾಲಿನಲ್ಲಿ ಒಂದು ಕಡೆ ಚುಕ್ಕಿ ಅಳಿಸಿದ ಹಾಗಿತ್ತಲ್ಲ, ನಿಮ್ಮ ಹಾಳೆಯಲ್ಲೂ ಹಾಗೇ ಇತ್ತೇ? ನೀವು ಅದನ್ನು ಷಡ್ಜ ಎಂದು ಓದಿದಿರೋ ಪಂಚಮ ಎಂದೋ?"

"ನನಗೆ ಬ್ರೈಲ್ ಬರುವುದಿಲ್ಲ" ಎಂದೆ. ಎಂಟು ವರ್ಷಗಳಲ್ಲಿ ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳಿಂದ ಹಾಳೆಯನ್ನು ಯಾರೂ ವಾಪಸು ಕೇಳಿರಲಿಲ್ಲ. ಅದನ್ನು ತೊಡೆಯ ಮೇಲೆ ಬಿಡಿಸಿ, ನನ್ನ ತೋರುಬೆರಳನ್ನು ಹಿಡಿದು ಒಂದು ಜಾಗದಲ್ಲಿಟ್ಟಳು. "ಇದು ಸ." ಸ್ವಲ್ಪ ಮುಂದೆ ಸರಿಸಿದಳು. "ಇದು ಪ. ಎಡಗಡೆ ಮೇಲೆ ಒಂದು ಚುಕ್ಕಿ ಜಾಸ್ತಿ, ಅಷ್ಟೇ."

ಬ್ರೈಲಿನ ಮನೆಯೊಂದರಲ್ಲಿ ಆರು ಚುಕ್ಕಿಗಳ ಜಾಗ. ಎಡಗಡೆ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ನಮ್ಮ ಭಾಷೆಗಳ ಭಾರತಿ ಬ್ರೈಲಿನಲ್ಲಿ ಎರಡು, ಮೂರು, ನಾಲ್ಕು ಎದ್ದಿದ್ದರೆ ಅದು ಸ, ಅಂದರೆ ಷಡ್ಜ. ಒಂದನೆಯದೂ ಎದ್ದರೆ ಪ, ಅಂದರೆ ಪಂಚಮ. ಏಳು ಸ್ವರಗಳಲ್ಲಿ ಅಲುಗದವು ಇವೆರಡೇ, ತಂಬೂರಿಗೆ ಸಾಮಾನ್ಯವಾಗಿ ಕಟ್ಟುವುದೂ ಇವನ್ನೇ. ಅವುಗಳ ನಡುವೆ ಒಂದೇ ಚುಕ್ಕಿಯ ಅಂತರ. ಆ ಬೆಂಚಿನ ಮೇಲೆ ಬೆರಳಿನ ತುದಿಗೆ ಅದು ತಗುಲಿದಾಗ ನನಗೆ ಅಳು ಬಂತು.

ಹುದ್ದೆ ಆಕೆಗೆ ಸಿಕ್ಕಿತು, ಸಿಗಬೇಕಾದದ್ದೇ. ಹಾಳೆಯನ್ನು ಆಕೆ ನನಗೆ ಕೊಟ್ಟು ಹೋದಳು.

ಈಗ ಮೊಬೈಲಿನ ಮಾತಿಗೆ ಬರುತ್ತೇನೆ. ಮೊಬೈಲ್ ಸುದ್ದಿ ಓದುತ್ತದೆ, ಸಂದೇಶ ಓದುತ್ತದೆ, ನಾನೂ ದಿನವಿಡೀ ಬಳಸುತ್ತೇನೆ. ಸ್ವರಲಿಪಿಯ ಪುಟವನ್ನು ಅದರ ಮುಂದೆ ಹಿಡಿದು ನೋಡಿ. ಕೋಮಲದ ಗೆರೆ, ತೀವ್ರ ಮಧ್ಯಮದ ನೆತ್ತಿಯ ಗೆರೆ, ಮಂದ್ರ ತಾರಗಳ ಚುಕ್ಕಿ, ಒಂದೇ ಮಾತ್ರೆಯಲ್ಲಿ ಕೂಡುವ ಸ್ವರಗಳ ಕೆಳಗಿನ ಬಾಗುಗೆರೆ, ಇವು ಸಾಮಾನ್ಯವಾಗಿ ಅದರ ಬಾಯಿಗೆ ಸರಿಯಾಗಿ ಬರುವುದಿಲ್ಲ. ಆ ದಿನ ನನಗೆ ಓದಿ ಹೇಳಿದ ಸಿಬ್ಬಂದಿಯ ಹಾಗೆಯೇ ಅದು ಓದುತ್ತದೆ. ಧ್ವನಿಮುದ್ರಣದ ವಿಷಯವೂ ಅಷ್ಟೆ. ಹೆಸರು ಬರೆಯದ ಅರವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳು ನನ್ನಲ್ಲಿದ್ದವು, ಒಂದು ಅಂತರಾ ಬೇಕೆಂದರೆ ಅರ್ಧ ದಿನ ಸುತ್ತಬೇಕಿತ್ತು.

25ನೆಯ ವಯಸ್ಸಿನಲ್ಲಿ ಕಲಿಯಲು ಕುಳಿತಾಗ ಬೆರಳು ಬಗ್ಗಲಿಲ್ಲ. ಒಂದು ಪುಟವನ್ನು ತಡವರಿಸುತ್ತಾ ಓದುವಷ್ಟಾಗಲು ಎಂಟು ತಿಂಗಳು ಹಿಡಿಯಿತು. ಬರೆಯುವುದು ಇನ್ನೂ ವಿಚಿತ್ರ. ಸ್ಲೇಟಿನಲ್ಲಿ ಹಾಳೆಯ ಹಿಂಬದಿಯಿಂದ ಚುಚ್ಚುತ್ತೇವೆ, ಹಾಗಾಗಿ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಆದರೆ ಗಾಯಕರಿಗೆ ಇದರಲ್ಲಿ ಒಂದು ಭಾಗ್ಯವಿದೆ. ಹಾರ್ಮೋನಿಯಂ ನುಡಿಸುವವರಿಗೆ ಒಂದು ಕೈ ಮನೆಗಳ ಮೇಲೆ, ಇನ್ನೊಂದು ತಿದಿಯ ಮೇಲೆ. ಅವರು ಮೊದಲು ಓದಿ ಬಾಯಿಪಾಠ ಮಾಡಲೇಬೇಕು. ನಾವು ತಂಬೂರಿಯನ್ನು ಮಲಗಿಸಿಕೊಂಡು ಬಲಗೈಯಲ್ಲಿ ಮೀಟುತ್ತಾ, ಎಡಗೈಯಲ್ಲಿ ಓದುತ್ತಾ, ಹಾಡುತ್ತಲೇ ಹೋಗಬಹುದು. ನೀವು ಒಳಿತು ಎಂದು ಕೇಳಿದಿರಲ್ಲ, ನನ್ನ ಮಟ್ಟಿಗೆ ಇದು ಅಂಥದ್ದೊಂದು. ದೀಪ ಆರಿಸಿದ ಕೋಣೆಯಲ್ಲಿ ಮಲಗಿ, ಹೊದಿಕೆಯೊಳಗೆ ಹಾಳೆ ಇಟ್ಟುಕೊಂಡು ಬಂದಿಶ್ ಓದುವುದು ಇನ್ನೊಂದು.

ಹಾಗೆ ಓದುತ್ತಿದ್ದಾಗ ಒಮ್ಮೆ ಲೂಯಿ ಬ್ರೈಲ್ ಬಗ್ಗೆ ತಿಳಿಯಿತು. 1829ರಲ್ಲಿ, 20ನೆಯ ವಯಸ್ಸಿನಲ್ಲಿ, ಆತ ಈ ಲಿಪಿಯನ್ನು ಮೊದಲ ಸಲ ಪ್ರಕಟಿಸಿದಾಗಲೇ ಅದು ಪದಗಳಿಗೂ ಸಂಗೀತಕ್ಕೂ ಎಂದು ಹೇಳಿದ್ದ. ಸ್ವತಃ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಕುರುಡರೆಂಬ ಗುರುತು ಎಂದುಕೊಂಡು ನಾನು ಕಪಾಟಿನಲ್ಲಿಟ್ಟದ್ದು, ಒಬ್ಬ ಸಂಗೀತಗಾರ ತನಗಾಗಿ ಮಾಡಿಕೊಂಡ ಸಲಕರಣೆ. ಸ್ಪೇನಿನ ಸಂಗೀತ ರಚನಕಾರ ಹೋಕಿನ್ ರೋಡ್ರಿಗೋ 3ನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡವರು. ತಮ್ಮ ರಚನೆಗಳನ್ನು ಬ್ರೈಲಿನಲ್ಲಿ ಬರೆದು, ಆಮೇಲೆ ಒಂದೊಂದೇ ಸ್ವರ ಹೇಳಿ ಬರೆಸುತ್ತಿದ್ದರು. ವಾದ್ಯವೃಂದದ ಅಷ್ಟೂ ಭಾಗಗಳು, ಕಿವಿಯೊಂದನ್ನೇ ನಂಬಿ ಕುಳಿತಿದ್ದರೆ ಆಗುತ್ತಿತ್ತೇ?

ಪುಟ್ಟರಾಜ ಗವಾಯಿಗಳ ಮಾತು ಉಳಿಯಿತು. ಅವರ ಹೆಸರನ್ನು ಪವಾಡದಂತೆ ಹೇಳುವವರು ಒಂದನ್ನು ಬಿಡುತ್ತಾರೆ. ಅವರಿಗೆ ಕಲಿಸಿದ ಪಂಚಾಕ್ಷರಿ ಗವಾಯಿಗಳೂ ದೃಷ್ಟಿಯಿಲ್ಲದವರೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಹುಡುಗರು ಕಣ್ಣಿಲ್ಲದ ಗುರುಗಳಿಂದ, ಕಣ್ಣಿಲ್ಲದ ಗೆಳೆಯರ ನಡುವೆ ಕಲಿತರು. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದು, ಸಿಕ್ಕಿದ್ದು ಒಂದು ಬೆಂಚಿನ ಮೇಲೆ ಹತ್ತು ನಿಮಿಷ. ಹಾಗಾಗಿ ಒಳಿತನ್ನು ಹುಡುಕುವುದನ್ನು ಸದ್ಯಕ್ಕೆ ಬಿಡಿ. ಕುರುಡುತನದಲ್ಲಿ ಒಳಿತಿದೆ ಎಂದು ಒಪ್ಪಿಕೊಳ್ಳುವ ಸಾಲ ನಿಮ್ಮ ಮೇಲಿಲ್ಲ, ಹಾಗೆ ಹೇಳುವವರ ಸಮಾಧಾನ ನಿಮ್ಮ ಕೆಲಸವಲ್ಲ. ಬ್ರೈಲ್ ಬರುವ, ನಿಮಗಿಂತ ಚೆನ್ನಾಗಿ ಹಾಡುವ, ಕಣ್ಣಿಲ್ಲದ ಒಬ್ಬರನ್ನು ಹುಡುಕಿ. ಈ ತಿಂಗಳೇ ಹುಡುಕಿ.

ಪದವಿ ಮುಗಿಸಬೇಕೇ, ಸ್ಪರ್ಧೆಗಳಿಗೆ ಹೋಗಬೇಕೇ ಎಂದೂ ಕೇಳಿದ್ದೀರಿ. ಮುಗಿಸಿ, ಹೋಗಿ. ವೇದಿಕೆಯ ಮೇಲೆ ತಬಲಾದವರ ಸನ್ನೆ ಕಾಣದು ಎಂಬ ನಿಮ್ಮ ಭಯಕ್ಕೆ ಉಪಾಯ ಸರಳ: ಮುಖಡಾ (ಸಮ್‌ಗೆ ಒಯ್ಯುವ ಬಂದಿಶ್‌ನ ಮೊದಲ ತುಣುಕು) ಹಿಡಿಯುವ ಮೊದಲು ಉಸಿರನ್ನು ಸ್ವಲ್ಪ ಕೇಳುವಂತೆ ತೆಗೆದುಕೊಳ್ಳುತ್ತೇನೆ ಎಂದು ಅವರಿಗೆ ಮೊದಲೇ ಹೇಳಿಡಿ. ನನ್ನ ಜೊತೆ ನುಡಿಸುವವರು ಈಗ ಕಣ್ಣಿದ್ದ ಗಾಯಕರ ಜೊತೆಯೂ ಉಸಿರನ್ನೇ ಕೇಳುತ್ತಾರಂತೆ.

ಆ ಹಾಳೆ ನನ್ನ ಬಳಿ ಇನ್ನೂ ಇದೆ. ಓದಲು ಬಂದ ಮೇಲೆ ಮೊದಲು ತೆಗೆದದ್ದು ಅದನ್ನೇ. ಅಂತರಾ, ಎರಡನೆಯ ಸಾಲು. ಗ, ಮ, ಆಮೇಲೆ ಅಳಿಸಿದ ಚುಕ್ಕಿಯ ಆ ಮನೆ, ಆಮೇಲೆ ನಿ, ಸ. ಎಡಗಡೆ ಮೇಲೆ ಉಗುರಿನ ತುದಿಯಿಂದ ತಡವಿದರೆ ಚುಕ್ಕಿ ಒತ್ತಿದ ಗುರುತು ತುಸು ಸಿಗುತ್ತದೆ. ಪಂಚಮ.