ಪೋಷಕ ಆಟಗಾರರು ಮತ್ತು ಹಾಲ್ ಆಫ್ ಫೇಮ್: ರಾಬರ್ಟ್ ಹಾರಿ ಕುರಿತ ಪ್ರಶ್ನೆಗೆ ಉತ್ತರ

ಮೂರು ತಂಡಗಳೊಂದಿಗೆ ಏಳು ಬಾರಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಚಾಂಪಿಯನ್ ಆದ ರಾಬರ್ಟ್ ಹಾರಿ, ಆ ಕ್ರೀಡೆಯ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಅರ್ಹರಲ್ಲವೇ ಎಂದು ಕೇಳಿದ್ದೀರಿ. ತಾರೆಯರ ಜೊತೆಗಿದ್ದು ತಂಡಕ್ಕೆ ನೆರವಾಗುವ ಪೋಷಕ ಆಟಗಾರರಿಗೂ ಆ ಗೌರವ ಸಲ್ಲಬೇಕೆಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಾರಿಯವರ ವಿಷಯದಲ್ಲಿ ಮಾತ್ರ ಒಪ್ಪಲಾರೆ.

ಚಾಂಪಿಯನ್ ತಂಡದ ಆಟಗಾರರಿಗೆ ಸಿಗುವ ಉಂಗುರಗಳನ್ನು ಎಣಿಸಿ ತೀರ್ಮಾನಿಸುವುದಾದರೆ ಬೋಸ್ಟನ್ ಸೆಲ್ಟಿಕ್ಸ್‌ನ ಸ್ಯಾಚ್ ಸ್ಯಾಂಡರ್ಸ್ ಅವರ ಬಳಿ ಎಂಟಿವೆ. ಆದರೂ ಅವರು 2011ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಆ ಭವನವನ್ನು ಸೇರಿದ್ದು ಆಟಗಾರರಾಗಿ ಅಲ್ಲ, ಕ್ರೀಡೆಗೆ ಕೊಡುಗೆ ನೀಡಿದವರ ವಿಭಾಗದಲ್ಲಿ. ಅಂಕಗಳ ಸರಾಸರಿಯೂ ಒಳ್ಳೆಯ ಅಳತೆಗೋಲಲ್ಲ. ಪಂದ್ಯಕ್ಕೆ ಆರು ಅಂಕಗಳನ್ನೂ ಮುಟ್ಟದ ಸರಾಸರಿಯ ಬೆನ್ ವಾಲೇಸ್, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದವರು, ನಾಲ್ಕು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರೆನಿಸಿ 2021ರಲ್ಲಿ ಆಯ್ಕೆಯಾದರು.

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಆಟಗಾರ ಅಂಕಣದಲ್ಲಿದ್ದಾನೆ ಎಂಬ ಕಾರಣಕ್ಕೆ ಎದುರಾಳಿ ತಂಡ ತನ್ನ ಆಟವನ್ನೇ ಬದಲಿಸಿಕೊಳ್ಳಬೇಕಾಗಿತ್ತೇ, ಮತ್ತು ಅದು ವರ್ಷಗಟ್ಟಲೆ ನಡೆಯಿತೇ? ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಮೈಕೆಲ್ ಕೂಪರ್ ಒಮ್ಮೆಯೂ ಲೀಗಿನ ತಾರೆಯರ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಲಿಲ್ಲ, ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದವರು. ಆದರೆ ಸೆಲ್ಟಿಕ್ಸ್‌ನ ತಾರೆ ಲ್ಯಾರಿ ಬರ್ಡ್‌ರಂಥವರನ್ನು ಕಾದು ತಡೆಯುವ ಹೊಣೆ ಅವರ ಮೇಲೆ ಬೀಳುತ್ತಿತ್ತು. ತಾನು ಎದುರಿಸಿದವರಲ್ಲಿ ಕೂಪರ್‌ಗೆ ಸಮನಾದ ರಕ್ಷಣಾ ಆಟಗಾರ ಇರಲಿಲ್ಲವೆಂದು ಸ್ವತಃ ಬರ್ಡ್ ಅವರೇ ಹೇಳಿದ್ದುಂಟು. 2024ರಲ್ಲಿ ಕೂಪರ್ ಆಯ್ಕೆಯಾದದ್ದು ತಡವಾಯಿತೆಂದೇ ನನ್ನ ಭಾವನೆ.

ಹಾರಿಯವರ ಪರವಾಗಿ ಎಲ್ಲರೂ ಮುಂದಿಡುವುದು ಅವರು ಸ್ಯಾನ್ ಆಂಟೋನಿಯೋ ಸ್ಪರ್ಸ್ ಪರ ಆಡಿದ 2005ರ ಫೈನಲ್ಸ್ ಸರಣಿಯ ಐದನೆಯ ಪಂದ್ಯ. ಮೂರನೆಯ ಕ್ವಾರ್ಟರ್‌ನ ಕೊನೆಯ ಗಳಿಗೆಯವರೆಗೂ ಒಂದೂ ಅಂಕ ಗಳಿಸದಿದ್ದ ಅವರು ಆಮೇಲೆ 21 ಅಂಕ ಗಳಿಸಿ, ಹೆಚ್ಚುವರಿ ಅವಧಿ ಮುಗಿಯಲು 5.8 ಸೆಕೆಂಡು ಇರುವಾಗ ಡೆಟ್ರಾಯಿಟ್ ವಿರುದ್ಧ ಗೆಲುವಿನ ಮೂರು ಅಂಕದ ಹೊಡೆತವನ್ನು ಹೊಡೆದರು. ಅದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುವುದಿಲ್ಲ. ಆದರೆ ಚೆಂಡನ್ನಲ್ಲ, ಡೆಟ್ರಾಯಿಟ್‌ನ ರಶೀದ್ ವಾಲೇಸ್ ಅವರನ್ನು ನೋಡಿ: ಹಾರಿಯನ್ನು ಕಾಯಬೇಕಿದ್ದವರು ಅವರನ್ನು ಬಿಟ್ಟು ಮೂಲೆಯಲ್ಲಿದ್ದ, ಹಾರಿಯ ತಂಡದ ತಾರೆ ಜಿನೋಬಿಲಿಯತ್ತ ಧಾವಿಸುತ್ತಾರೆ. ಅದು ವಾಲೇಸ್ ಅವರ ತಪ್ಪೇ ಸರಿ. ಆದರೆ ಅಂಥ ಗಳಿಗೆಯಲ್ಲೂ ಎದುರಾಳಿಗೆ ಮೊದಲು ಭಯವಾದದ್ದು ಯಾರ ಬಗ್ಗೆ ಎಂಬುದು ಅಲ್ಲಿಯೇ ಕಾಣುತ್ತದೆ. 1,107 ಪಂದ್ಯಗಳಲ್ಲಿ ಸರಾಸರಿ ಏಳು ಅಂಕ ಗಳಿಸಿದ ಹಾರಿ ಆ ಭಯದ ಲಾಭವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು, ಅದನ್ನು ಹುಟ್ಟಿಸಿದವರಲ್ಲ.

ಲೇಕರ್ಸ್‌ನ ಇನ್ನೊಬ್ಬ ಪೋಷಕ ಆಟಗಾರ ಡೆರೆಕ್ ಫಿಶರ್ ಅವರ ಹೆಸರನ್ನೂ ಎತ್ತಿದ್ದೀರಿ. 2004ರಲ್ಲಿ ಪಂದ್ಯ ಮುಗಿಯಲು 0.4 ಸೆಕೆಂಡು ಉಳಿದಿದ್ದಾಗ ಅವರು ಹೊಡೆದ ಆ ಒಂದು ಗೆಲುವಿನ ಚೆಂಡಿಗಾಗಿ ಇದೇ ಅಳತೆಯನ್ನು ಸಡಿಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.