ರಸ್ತೆ ಒಕ್ಕಣೆ ಬೇಡವೆನ್ನುವ ಫಲಕವನ್ನು ಎಲ್ಲಿ ನಿಲ್ಲಿಸಬೇಕು?

ರಾಗಿ, ಹುರುಳಿಯನ್ನು ರಸ್ತೆಗೆ ಹರಡಬೇಡಿ ಎಂದು ಹೇಳುವ 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್ ಫಲಕವನ್ನು ಹೆದ್ದಾರಿಯ ಕೂಡುರಸ್ತೆಯಲ್ಲಿ ಹಾಕಿಸಲು ನಿಮ್ಮ ಯುವಕ ಸಂಘ ಹಣ ಕೂಡಿಸಿದೆಯೆಂದು ಬರೆದಿದ್ದೀರಿ. ಅಳತೆಗಿಂತ ಮೊದಲು ಜಾಗವನ್ನು ಮರುಯೋಚಿಸಬೇಕೆಂಬುದು ನನ್ನ ಸಲಹೆ. ಆ ಕೂಡುರಸ್ತೆಯಲ್ಲಿ ಫಲಕ ಓದುವವರು ಹೆಚ್ಚಾಗಿ ಪರಊರಿನ ಪ್ರಯಾಣಿಕರು. ಒಕ್ಕಬೇಕಾದ ಬೆಳೆ ಅವರ ಬಳಿ ಇರುವುದಿಲ್ಲ. ಒಕ್ಕಣೆ ಎಲ್ಲಿ ಮಾಡಬೇಕೆಂದು ತೀರ್ಮಾನಿಸುವವರು ಬೆಳಿಗ್ಗೆ, ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಆರು ಅಡಿಗೆ ನಾಲ್ಕು ಅಡಿಯ ಫಲಕ ಸಾಕು. ನಿಂತು ಓದುವವರಿಗೆ ನಾಲ್ಕೈದು ಸಾಲು ಬರೆದರೂ ನಡೆಯುತ್ತದೆ.

ಆ ಸಾಲುಗಳಲ್ಲಿ ಏನಿರಬೇಕು ಎಂಬುದೇ ಮುಖ್ಯ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡವಿದೆ. ಅದನ್ನೇ ದೊಡ್ಡದಾಗಿ ಬರೆಸಬೇಕೆಂಬ ಆಸೆ ಸಹಜ. ಆದರೆ ಕಣ ಮಾಡಲು ಜಾಗವೇ ಇಲ್ಲದ ರೈತನಿಗೆ ದಂಡದ ಮಾತು ಸಿಟ್ಟು ತರಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ನರೇಗಾದಲ್ಲಿ ಕಟ್ಟಿದ ಒಕ್ಕಣೆ ಕಣ ನಿಮ್ಮ ಪಂಚಾಯಿತಿಯಲ್ಲಿದ್ದರೆ ಅದು ಎಲ್ಲಿದೆ, ಸರದಿಗೆ ಯಾರನ್ನು ಕೇಳಬೇಕು, ಒಕ್ಕಣೆ ಯಂತ್ರ ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂಬುದನ್ನು ಮೇಲೆ ಬರೆಸಿ, ದಂಡದ ವಿಷಯವನ್ನು ಕೊನೆಯ ಸಾಲಿಗೆ ಇಡಿ. ಕಣವೇ ಇಲ್ಲದಿದ್ದರೆ ಕೂಡಿಸಿದ ಹಣದ ಒಂದು ಪಾಲನ್ನು ತಾಡಪಾಲಿಗೆ ಖರ್ಚು ಮಾಡುವುದು ಫಲಕಕ್ಕಿಂತ ಮೇಲು.

ಎರಡನೆಯ ಫಲಕ ವಾಹನ ಸವಾರರಿಗೆ. ಇದರಿಂದ ರಸ್ತೆ ಒಕ್ಕಣೆಗೆ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೂ ರಾತ್ರಿ ಬೈಕಿನಲ್ಲಿ ಬಂದು ರಾಗಿ ಹುಲ್ಲಿನ ಮೇಲೆ ಜಾರುವವನಿಗೆ, ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವ ಕಾರಿನಲ್ಲಿರುವವರಿಗೆ ಮುನ್ಸೂಚನೆ ಬೇಕೇ ಬೇಕು. ಬೆಳೆ ಹರಡುವ ಜಾಗಕ್ಕೆ 200 ಮೀಟರ್ ಮೊದಲೇ, ಎಡಬದಿಯಲ್ಲಿ, ಬರುವವರಿಗೆ ಎದುರಾಗಿ ನಿಲ್ಲಿಸಿ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಐದು ಸೆಕೆಂಡ್ ಓದಲು ಸಿಗಬೇಕಾದರೆ 85 ಮೀಟರ್ ದೂರದಿಂದಲೇ ಅಕ್ಷರ ಕಾಣಬೇಕು. 30 ಅಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬ ರೂಢಿಯ ಲೆಕ್ಕದಂತೆ ಒಂಬತ್ತು, ಹತ್ತು ಇಂಚಿನ ಅಕ್ಷರ ಬೇಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿದು ಸಾಲಿನ ಜಾಗ ತಿನ್ನುವುದರಿಂದ ಒತ್ತಿಲ್ಲದ ಪದಗಳನ್ನೇ ಆರಿಸಿದರೆ ಅಕ್ಷರ ದೊಡ್ಡದಾಗಿ ಕೂರುತ್ತದೆ: ‘ನಿಧಾನ! ಮುಂದೆ ಹುರುಳಿ ಹರಡಿದೆ’. ಹಳದಿಯ ಮೇಲೆ ಕಪ್ಪು, ಅಂಚಿಗೆ ರಾತ್ರಿ ಹೊಳೆಯುವ ರೇಡಿಯಂ ಪಟ್ಟಿ. ಪುಢಾರಿಗಳ, ದಾನಿಗಳ ಭಾವಚಿತ್ರಗಳಿಗೆ ದಯವಿಟ್ಟು ಜಾಗ ಕೊಡಬೇಡಿ.

ಫ್ಲೆಕ್ಸ್ ಬೇಡ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಅದನ್ನೂ ನಿಷೇಧಿಸಿದೆ. ಮೇಲಾಗಿ ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ. ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಬರೆಸಿದರೆ ಊರಿನ ಪೇಂಟರಿಗೂ ಕೆಲಸ ಸಿಗುತ್ತದೆ. ಡೈರಿಯ ಗೋಡೆ ಚೆನ್ನಾಗಿದ್ದು ಹಾಲಿನ ಸಂಘದವರು ಬರಹದಲ್ಲಿ ಒಪ್ಪಿದರೆ ಅದರ ಮೇಲೆಯೇ ಬರೆಸಬಹುದು. ಪಂಚಾಯಿತಿಯ ಅನುಮತಿಯನ್ನೂ, ರಸ್ತೆ ರಾಜ್ಯದ್ದಾದರೆ ಲೋಕೋಪಯೋಗಿ ಇಲಾಖೆಯ ಅನುಮತಿಯನ್ನೂ ಲಿಖಿತವಾಗಿ ಪಡೆಯಿರಿ. ಮರಕ್ಕೆ ಮೊಳೆ ಹೊಡೆಯುವುದಾಗಲಿ, ವಿದ್ಯುತ್ ಕಂಬಕ್ಕೆ ಕಟ್ಟುವುದಾಗಲಿ ಆಗದು. 20 ಅಡಿಯ ಚೌಕಟ್ಟನ್ನೇ ನಿಲ್ಲಿಸುವುದಾದರೆ ಗಾಳಿಯ ಒತ್ತಡ ತಿಳಿದ ಎಂಜಿನಿಯರಿಗೆ ಅಡಿಪಾಯ ತೋರಿಸದೆ ಮುಂದುವರಿಯಬೇಡಿ: 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಗಾಳಿಮಳೆಗೆ ಕುಸಿದ ಫಲಕ 17 ಜನರನ್ನು ಬಲಿ ತೆಗೆದುಕೊಂಡಿತು. ಅದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ನಿಜ. ಆದರೆ ಮುಂಗಾರು ಪೂರ್ವದ ಬಿರುಗಾಳಿ ನಮ್ಮ ಕಡೆಗೂ ಬರುತ್ತದೆ.

ರಾಗಿ ಕೊಯ್ಲು ಶುರುವಾಗುವ ಮುನ್ನ, ನವೆಂಬರ್ ಮೊದಲ ವಾರದಲ್ಲೇ ಎರಡೂ ಫಲಕಗಳು ನಿಂತಿರಲಿ. ಹುರುಳಿ ಒಕ್ಕಣೆ ಮುಗಿದ ಮೇಲೆ ರಸ್ತೆಯದನ್ನು ಕಳಚಿ ಪಂಚಾಯಿತಿ ಗೋದಾಮಿನಲ್ಲಿಡಿ, ಏಕೆಂದರೆ ವರ್ಷವಿಡೀ ‘ಹುರುಳಿ ಹರಡಿದೆ’ ಎನ್ನುತ್ತ ನಿಂತ ಫಲಕವನ್ನು ಮುಂದಿನ ಸುಗ್ಗಿಯ ಹೊತ್ತಿಗೆ ಯಾವ ಸವಾರನೂ ನಂಬುವುದಿಲ್ಲ.